‘ನಿಮ್ಮದು ರಾಜವಂಶ’ ಎಂಬ ಫಾರ್ವರ್ಡ್ ನಿಜವೇ? ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ವಂಶದ ಮೂಲ ಹುಡುಕುವ ಬಗೆ

ಊರು, ಮನೆದೇವರು, ಗೋತ್ರ ಕಳಿಸಿದರೆ ನಿಮ್ಮ ವಂಶದ 1,500 ವರ್ಷಗಳ ಇತಿಹಾಸ ತಿಳಿಸುತ್ತೇವೆ ಎನ್ನುವ ಮೆಸೇಜ್ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿತ್ತು. ಚಿಕ್ಕಪ್ಪ 499 ರೂಪಾಯಿ ಕಟ್ಟಿದರು. ಕೇಳಿದರೆಂದು ಆಧಾರ್ ಕಾರ್ಡಿನ ಫೋಟೊವನ್ನೂ ಕಳಿಸಿದರು. ಎರಡು ದಿನಕ್ಕೆ ಬಂಗಾರದ ಬಣ್ಣದ ಅಂಚಿರುವ ಒಂದು ‘ಪ್ರಮಾಣಪತ್ರ’ ಬಂತು. ಮಳವಳ್ಳಿಯ ಪ್ರಾಚೀನ ಶಾಸನದಲ್ಲಿ ಹೆಸರಿರುವ ಅರಸನೇ ನಮ್ಮ ಮೂಲಪುರುಷ ಎಂದು ಅದರಲ್ಲಿ ಬರೆದಿತ್ತು. ನಮ್ಮ ಅಜ್ಜಿಯ ತವರು ಮಳವಳ್ಳಿ ತಾಲ್ಲೂಕು. ಸರಿಯಾಗಿ ಹೊಂದುತ್ತದೆ ಎಂದು ಗ್ರೂಪಿನಲ್ಲಿ ಎಲ್ಲರಿಗೂ ಖುಷಿ.

ಆದರೆ ಒಂದು ತೊಡಕಿತ್ತು. ಚುಟು ಶಾತಕರ್ಣಿಯ ಕಾಲದ ಮತ್ತು ಆರಂಭದ ಕದಂಬರ ಕಾಲದ ಪ್ರಾಕೃತ ಬರಹವಿರುವ ಆ ಪ್ರಸಿದ್ಧ ಕಂಬಶಾಸನದ ಮಳವಳ್ಳಿ ಮಂಡ್ಯ ಜಿಲ್ಲೆಯದಲ್ಲ. ಅದು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿ. ಹೆಸರು ಒಂದೇ, ಊರು ಬೇರೆ. ‘ರಾಜವಂಶ’ ಅಲ್ಲಿಗೇ ಮುಗಿಯಿತು.

ಈ ಲೇಖನ ಬರೆಯಲು ಕಾರಣವೂ ಅದೇ. ಇಂಥ ಮೆಸೇಜ್‌ಗಳಲ್ಲಿ ಸುಳ್ಳು ಎಲ್ಲಿ ಸೇರಿಕೊಳ್ಳುತ್ತದೆ, ನಿಜವಾಗಿ ವಂಶ ಹುಡುಕಬೇಕೆಂದರೆ ಮಂಡ್ಯ ಸೀಮೆಯಲ್ಲಿ ಏನೇನು ದಾಖಲೆ ಸಿಗುತ್ತವೆ, ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ವಂಶವನ್ನು ನಮ್ಮಿಂದ ಶುರುಮಾಡಿ ಹಿಂದಕ್ಕೆ ಹುಡುಕಬೇಕು. ನಾನು, ನನ್ನ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ ಎಂದು ಒಂದೊಂದು ಕೊಂಡಿಗೂ ಆಧಾರ ಬೇಕು. ಫಾರ್ವರ್ಡ್‌ಗಳು ಇದನ್ನು ತಿರುವುಮುರುವು ಮಾಡುತ್ತವೆ. ಮೊದಲು ಒಬ್ಬ ದೊಡ್ಡ ಹೆಸರಿನವನನ್ನು ತೋರಿಸಿ, ಅಲ್ಲಿಂದ ಒಂದೇ ನೆಗೆತಕ್ಕೆ ನಿಮ್ಮ ಮನೆ ಬಾಗಿಲಿಗೆ ಬರುತ್ತವೆ. ನಡುವಿನ ಇಪ್ಪತ್ತು ಮೂವತ್ತು ತಲೆಮಾರುಗಳ ಬಗ್ಗೆ ಮಾತೇ ಇರುವುದಿಲ್ಲ.

ಗಂಗಡಿಕಾರ ಎಂದರೆ ಗಂಗ ಅರಸರ ಮಕ್ಕಳೇ?

ಈ ಭಾಗದಲ್ಲಿ ಹೆಚ್ಚು ಓಡಾಡುವ ಮಾತು ಇದು. ತಲಕಾಡಿನ ಗಂಗರು ಸುಮಾರು 4ನೇ ಶತಮಾನದಿಂದ 10ನೇ ಶತಮಾನದ ಕೊನೆಯವರೆಗೆ ಆಳಿದರು. ಅವರ ನಾಡಿಗೆ ಗಂಗವಾಡಿ 96000 ಎಂಬ ಹೆಸರಿತ್ತು. ‘ಗಂಗಡಿಕಾರ’ ಎಂಬ ಪದ ‘ಗಂಗವಾಡಿಕಾರ’ ಎಂಬುದರಿಂದ ಬಂದಿದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಅಂದರೆ ಗಂಗವಾಡಿ ನಾಡಿನವರು ಎಂದರ್ಥ.

ನಾಡಿನ ಹೆಸರು ಹೊತ್ತವರೆಲ್ಲ ಅರಸನ ಮಕ್ಕಳಾಗುವುದಿಲ್ಲ. ಮೈಸೂರಿನವರೆಲ್ಲ ಒಡೆಯರ ವಂಶಸ್ಥರಲ್ಲವಲ್ಲ, ಹಾಗೆ. ಆ ಹೆಸರು ಹೇಳುವುದು ನಮ್ಮ ಹಿರಿಯರು ಈ ಮಣ್ಣಿನಲ್ಲಿ ಬಹುಕಾಲದಿಂದ ಬೇಸಾಯ ಮಾಡಿಕೊಂಡಿದ್ದರು ಎಂಬುದನ್ನು. ಅದೇನೂ ಸಣ್ಣ ಸಂಗತಿಯಲ್ಲ. ಆದರೆ ಅದು ಅರಮನೆಯ ವಂಶಾವಳಿಯೂ ಅಲ್ಲ.

ಶಾಸನ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು ಕ್ರಿ.ಶ. 949–50ರ ಈ ಶಾಸನ ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗ ಬೂತುಗ ಮತ್ತು ಬೂತುಗನ ಯೋಧ ಮಣಲೆರನ ಹೆಸರು ಹೇಳುತ್ತದೆ. ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ನಡೆದ ಯುದ್ಧದ ನಂತರ, ಮೆಚ್ಚಿದ ಅರಸನಿಂದ ಮಣಲೆರ ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು. ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ಆದರೆ ಮಣಲೆರನಿಂದ ಇವತ್ತಿನ ಯಾವುದೋ ಮನೆಯವರೆಗಿನ ತಲೆಮಾರುಗಳ ಪಟ್ಟಿ ಆ ಕಲ್ಲಿನಲ್ಲಿಲ್ಲ. ಶಾಸನಗಳ ಸ್ವಭಾವವೇ ಹಾಗೆ. ದಾನ, ಯುದ್ಧ, ಸಾವು, ಗಡಿ ಇವನ್ನು ಅವು ಬರೆದಿಡುತ್ತವೆ. ನಂತರ ಯಾರು ಯಾರಿಗೆ ಹುಟ್ಟಿದರು ಎಂಬುದು ಅವುಗಳ ಕೆಲಸವಲ್ಲ. ‘ಶಾಸನದಲ್ಲಿ ಉಲ್ಲೇಖವಿದೆ’ ಎಂದು ಯಾರಾದರೂ ಹೇಳಿದರೆ ಎರಡು ಪ್ರಶ್ನೆ ಕೇಳಿ. ಯಾವ ಊರಿನ ಯಾವ ಸಂಖ್ಯೆಯ ಶಾಸನ? ಅದರಲ್ಲಿರುವ ಹೆಸರಿನಿಂದ ನನ್ನವರೆಗೆ ಕೊಂಡಿ ಎಲ್ಲಿದೆ?

ಮೊದಲ ಪ್ರಶ್ನೆಗೆ ಉತ್ತರ ನೀವೇ ಹುಡುಕಬಹುದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೂರನೇ ಸಂಪುಟ 1894ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಮುದ್ರಣದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲದ ಶಾಸನಗಳು ಏಳನೇ ಸಂಪುಟದಲ್ಲಿವೆ. ತಾಲ್ಲೂಕಿನ ಗಡಿಗಳು ಬದಲಾಗಿವೆ ಎಂಬುದು ನೆನಪಿರಲಿ. ಹಳೆಯ ಮುದ್ರಣದಲ್ಲಿ ಆತಕೂರು ಮಂಡ್ಯ ತಾಲ್ಲೂಕಿನ ಪಟ್ಟಿಯಲ್ಲಿದೆ.

ಬೇರೆಡೆಯಿಂದ ಬಂದು ನೆಲೆಸಿದ ಮೂಲಪುರುಷ

ಇನ್ನೊಂದು ಬಗೆಯ ಕಥೆ ‘ನಮ್ಮ ಹಿರಿಯರು ಇಂಥ ಕಡೆಯಿಂದ ಬಂದವರು’ ಎನ್ನುವುದು. ಮಂಡ್ಯಕ್ಕೇ ಅಂಥ ಒಂದು ಐತಿಹ್ಯವಿದೆ. ವಿಜಯನಗರದ ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ. ಅವನ ಕಾಲದಲ್ಲಿ ತಿರುಪತಿ ಕಡೆಯ ಮಂಡ್ಯಂ ಎಂಬ ಊರಿನ ಗೋವಿಂದರಾಜರೆಂಬ ಶ್ರೀವೈಷ್ಣವ ವಿದ್ವಾಂಸರಿಗೆ ಇಲ್ಲಿ ಅಗ್ರಹಾರ ಸಿಕ್ಕಿತು, ಅವರ ಊರಿನ ಹೆಸರೇ ಇಲ್ಲಿಗೂ ಬಂತು ಎನ್ನುತ್ತಾರೆ. ಮಂಡ್ಯಂ ಅಯ್ಯಂಗಾರ್ ಮನೆತನಗಳು ತಮ್ಮ ಮೂಲವನ್ನು ಇನ್ನೂ ಹಿಂದೆ, ರಾಮಾನುಜಾಚಾರ್ಯರ ಶಿಷ್ಯ ಅನಂತಾಳ್ವಾರರವರೆಗೆ ಹೇಳಿಕೊಳ್ಳುತ್ತವೆ. ಮಾಂಡವ್ಯ ಋಷಿಯಿಂದ ಮಂಡ್ಯ ಎಂಬ ಹೆಸರು ಬಂತೆನ್ನುವ ಇನ್ನೊಂದು ಕಥೆಯೂ ಇದೆ.

ಇವು ಸಮುದಾಯದ ನೆನಪುಗಳು. ಅವಕ್ಕೆ ಬೆಲೆ ಇದೆ. ಆದರೆ ಇವತ್ತಿನ ಒಂದು ಮನೆಯವರು ‘ನಾವು ಗೋವಿಂದರಾಜರ ನೇರ ಸಂತತಿ’ ಎನ್ನಬೇಕಾದರೆ ಸುಮಾರು 500 ವರ್ಷ, ಅಂದರೆ ಹತ್ತಿರಹತ್ತಿರ 20 ತಲೆಮಾರುಗಳ ಹೆಸರು ಬೇಕು. ಇನ್ನೊಂದು ಎಚ್ಚರವೂ ಬೇಕು. ಗುರುಪರಂಪರೆ ಬೇರೆ, ವಂಶ ಬೇರೆ. ಗುರುಗಳಿಂದ ಶಿಷ್ಯರಿಗೆ ಬಂದ ಹೆಸರುಗಳ ಸಾಲನ್ನು ಅಪ್ಪನಿಂದ ಮಗನಿಗೆ ಬಂದ ಸಾಲು ಎಂದು ಓದಿದರೆ ಲೆಕ್ಕ ತಪ್ಪುತ್ತದೆ.

ಹೀಗೆ ‘ಬಂದು ನೆಲೆಸಿದ ಮೂಲಪುರುಷ’ನನ್ನು ಹುಡುಕುವ ಹುಚ್ಚು ನಮಗಷ್ಟೇ ಇರುವುದಲ್ಲ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. 1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ 102 ಪ್ರಯಾಣಿಕರು ಹೋದರು. ಮೊದಲ ಚಳಿಗಾಲದಲ್ಲೇ ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. ಆ ಹಡಗಿನ ಪ್ರಯಾಣಿಕರ ವಂಶಸ್ಥರಿಗಾಗಿ 1897ರಲ್ಲಿ ಒಂದು ಸಂಘ ಶುರುವಾಯಿತು. ಅದರ ಸದಸ್ಯರಾಗಲು ‘ನಮ್ಮ ತಾತ ಹೇಳುತ್ತಿದ್ದರು’ ಎಂದರೆ ಸಾಲದು. ಪ್ರತಿ ತಲೆಮಾರಿಗೂ ಜನನ, ಮದುವೆ, ಮರಣದ ದಾಖಲೆ ಕೊಡಬೇಕು.

ಅಲ್ಲಿಯೂ ಮೋಸಗಾರರಿದ್ದರು. ಗುಸ್ತಾವ್ ಅಂಜೂ (1863–1942) ಎಂಬಾತ ಹಣವಂತ ಅಮೆರಿಕನ್ನರಿಗೆ ಯುರೋಪಿನ ದೊಡ್ಡ ಮನೆತನಗಳ ವಂಶಾವಳಿ ಕಟ್ಟಿಕೊಡುತ್ತಿದ್ದ. ಅವನ ಕೈಚಳಕ ಸರಳ. ರಾಶಿ ನಿಜ ದಾಖಲೆಗಳ ನಡುವೆ ಒಂದೋ ಎರಡೋ ಸುಳ್ಳು ದಾಖಲೆ ಸೇರಿಸುತ್ತಿದ್ದ. ಸುಳ್ಳು ಸೇರುತ್ತಿದ್ದುದು ವಲಸೆ ಬಂದವನನ್ನೂ ಹಳೆಯ ದೇಶದ ದೊಡ್ಡ ಮನೆಯನ್ನೂ ಜೋಡಿಸುವ ಜಾಗದಲ್ಲೇ. ನಮ್ಮ ಚಿಕ್ಕಪ್ಪನಿಗೆ ಬಂದ ಪತ್ರದಲ್ಲೂ ಶಾಸನ ನಿಜ, ಮಳವಳ್ಳಿ ನಿಜ, ನಮ್ಮ ಅಜ್ಜಿಯೂ ನಿಜ. ಸುಳ್ಳಾಗಿದ್ದುದು ಜೋಡಣೆ.

20 ತಲೆಮಾರಿನ ಲೆಕ್ಕ

ಒಬ್ಬರಿಗೆ ಇಬ್ಬರು ಹೆತ್ತವರು, ನಾಲ್ವರು ಅಜ್ಜ ಅಜ್ಜಿಯರು, ಎಂಟು ಜನ ಮುತ್ತಜ್ಜ ಮುತ್ತಜ್ಜಿಯರು. ಹೀಗೆ ದುಪ್ಪಟ್ಟಾಗುತ್ತ ಹೋದರೆ 10 ತಲೆಮಾರು ಹಿಂದೆ 1,024 ಸ್ಥಾನಗಳು. 20 ತಲೆಮಾರು ಹಿಂದೆ 10,48,576. ಇನ್ನೊಂದು ಹೆಜ್ಜೆ ಹೋದರೆ 20,97,152. 2011ರ ಜನಗಣತಿಯಲ್ಲಿ ಇಡೀ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಅಂದರೆ ಸುಮಾರು 500 ವರ್ಷ ಹಿಂದಕ್ಕೆ ಹೋದರೆ ಒಬ್ಬರ ಪೂರ್ವಜರ ಸ್ಥಾನಗಳೇ ಇವತ್ತಿನ ಜಿಲ್ಲೆಯ ಜನಕ್ಕಿಂತ ಹೆಚ್ಚು!

ಅಷ್ಟು ಜನ ಬೇರೆ ಬೇರೆಯವರಾಗಿರಲು ಸಾಧ್ಯವಿಲ್ಲ. ಅದೇ ಜನ ಹಲವು ಸ್ಥಾನಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ನಮ್ಮಲ್ಲಂತೂ ಸೋದರ ಸಂಬಂಧದ ಮದುವೆಗಳು ಹೆಚ್ಚು. ಸೋದರಮಾವನ ಮಗಳನ್ನು ಮದುವೆಯಾದರೆ ಮಕ್ಕಳಿಗೆ ಮುತ್ತಜ್ಜ ಮುತ್ತಜ್ಜಿಯರು ಎಂಟರ ಬದಲು ಆರು ಜನ. ಅಕ್ಕನ ಮಗಳನ್ನೇ ಮದುವೆಯಾದರೆ ಒಬ್ಬರೇ ಮಗುವಿಗೆ ಅಜ್ಜಿಯೂ ಹೌದು, ಮುತ್ತಜ್ಜಿಯೂ ಹೌದು.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟ. ಸಾವಿರ ವರ್ಷದ ಹಿಂದಿನ ಅರಸನ ಸಂತತಿ ಮುರಿಯದೆ ಬೆಳೆದು ಬಂದಿದ್ದರೆ ಅದು ಒಂದೆರಡು ಮನೆಗಳಲ್ಲಿ ಉಳಿದಿರುವುದಿಲ್ಲ, ಅಸಂಖ್ಯ ಮನೆಗಳಿಗೆ ಹರಡಿರುತ್ತದೆ. ಹಾಗಿರುವಾಗ ಅದನ್ನು ಒಂದು ಮನೆಯ ಹೆಚ್ಚುಗಾರಿಕೆ ಎಂದು ಫ್ರೇಮ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಆ ಅರಸನ ಹೊಲ ಉತ್ತವರೂ, ಬಟ್ಟೆ ಒಗೆದವರೂ ಆ ಲಕ್ಷಾಂತರ ಸ್ಥಾನಗಳಲ್ಲಿ ಇರಬಹುದು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ?

ಡಿಎನ್‌ಎ ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ. ನಿಮ್ಮ ಮಾದರಿಯನ್ನು ಕಂಪನಿಯ ಬಳಿ ಈಗಾಗಲೇ ಇರುವ ಜನರ ಮಾದರಿಗಳೊಂದಿಗೆ ಹೋಲಿಸಿ ‘ಇಂಥ ಗುಂಪಿಗೆ ಇಷ್ಟು ಹತ್ತಿರ’ ಎಂದು ಅಂದಾಜು ಕೊಡುತ್ತದೆ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುವುದರಿಂದ ಪ್ರತಿ ತಲೆಮಾರಿಗೂ ಹಳೆಯ ಪಾಲು ಕರಗುತ್ತ ಹೋಗುತ್ತದೆ. 10 ತಲೆಮಾರು ಹಿಂದಿನ ಒಬ್ಬ ನಿಜವಾದ ಪೂರ್ವಜರಿಂದ ನಿಮಗೆ ಒಂದು ತುಣುಕೂ ಬಂದಿರದೆ ಇರಬಹುದು. ಬದುಕಿರುವ ಹತ್ತಿರದ ಸಂಬಂಧಿಗಳನ್ನು ಗುರುತಿಸಲು ಈ ಪರೀಕ್ಷೆ ಚೆನ್ನಾಗಿ ನೆರವಾಗುತ್ತದೆ. ಗಂಗ ಅರಸನನ್ನು ಗುರುತಿಸಲು ಆಗುವುದಿಲ್ಲ. ಹೋಲಿಸಲು ಆ ಅರಸನ ಡಿಎನ್‌ಎ ಯಾರ ಬಳಿಯೂ ಇಲ್ಲ.

ಮಾಹಿತಿ ಯಾರ ಕೈ ಸೇರುತ್ತದೆ ಎಂಬುದನ್ನೂ ಯೋಚಿಸಿ. ಅಮೆರಿಕದ 23ಆ್ಯಂಡ್‌ಮಿ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಕೆಯಾಯಿತು. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಪಾಸ್‌ವರ್ಡ್ ಬದಲಿಸಬಹುದು. ಡಿಎನ್‌ಎ ಬದಲಿಸಲು ಆಗುವುದಿಲ್ಲ.

ಹೆಳವರು ಬಂದಾಗ

ನಮ್ಮ ನಾಡಿನಲ್ಲಿ ವಂಶಾವಳಿಯನ್ನೇ ಕುಲಕಸುಬು ಮಾಡಿಕೊಂಡವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರಿಗೆ ಬಂದು, ತಮಗೆ ಸೇರಿದ ಮನೆಗಳ ಮುಂದೆ ಹಿರಿಯರ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸವನ್ನೋ ಹಣವನ್ನೋ ಪಡೆದು ಹೋಗುವವರು. ಅವರ ಪುಸ್ತಕಗಳಲ್ಲಿ ಬೇರೆಲ್ಲೂ ಸಿಗದ ಹೆಸರುಗಳಿರುತ್ತವೆ. ಮೂಲ ಊರು ಬಿಟ್ಟು ಯಾವ ಊರಿಗೆ ಬಂದರು ಎಂಬ ವಿವರವೂ ಸಿಗಬಹುದು.

ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೆ ಅವರನ್ನು ಬರಿಗೈಲಿ ಕಳಿಸಬೇಡಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹೊಗಳುವುದೂ ಅವರ ಕಸುಬಿನ ಭಾಗ ಎಂಬುದು ತಿಳಿದಿರಲಿ. ಹತ್ತಿರದ ತಲೆಮಾರುಗಳ ಹೆಸರಿಗೆ ಹೆಚ್ಚು ತೂಕ ಕೊಡಿ. ಪುರಾಣದ ಕಾಲದ ಆರಂಭವನ್ನು ಕಥೆಯಾಗಿ ಕೇಳಿ.

ಹಾಗಾದರೆ ಹುಡುಕುವುದು ಹೇಗೆ?

1. ಮನೆಯ ಹಿರಿಯರಿಂದ ಶುರುಮಾಡಿ. ದಾಖಲೆಗಳು ಕಾಯುತ್ತವೆ, ಅಜ್ಜಿ ಕಾಯುವುದಿಲ್ಲ. ಹೆಸರು, ಊರು, ಯಾರ ಮನೆಗೆ ಕೊಟ್ಟರು, ಯಾರ ಮನೆಯಿಂದ ತಂದರು ಎಂದು ಕೇಳಿ. ‘ನೀವು ಹುಟ್ಟಿದ್ದು ಯಾವಾಗ?’ ಎಂದರೆ ಉತ್ತರ ಸಿಗದಿರಬಹುದು. ‘ಕನ್ನಂಬಾಡಿ ನಾಲೆ ನೀರು ಬರುವ ಮುಂಚೆಯೋ ಆಮೇಲೋ?’, ‘ಶಿವಪುರದಲ್ಲಿ ಬಾವುಟ ಹಾರಿಸಿದಾಗ ನಿಮ್ಮಪ್ಪನಿಗೆ ಮದುವೆ ಆಗಿತ್ತೇ?’ ಎಂದು ಕೇಳಿದರೆ ನೆನಪು ತೆರೆದುಕೊಳ್ಳುತ್ತದೆ. ಮದ್ದೂರಿನ ಬಳಿಯ ಶಿವಪುರದ ಧ್ವಜ ಸತ್ಯಾಗ್ರಹ ನಡೆದದ್ದು 1938ರ ಏಪ್ರಿಲ್‌ನಲ್ಲಿ.

2. ಒಂದೇ ಹೆಸರಿನವರನ್ನು ಬೇರ್ಪಡಿಸಿ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಊರಿನಲ್ಲಿ ನಾಲ್ಕು ಜನ ಸಿದ್ದೇಗೌಡರು, ಮೂರು ಜನ ಬೋರಮ್ಮಂದಿರು ಇರುತ್ತಾರೆ. ಅಪ್ಪನ ಹೆಸರು, ಮನೆಯ ಹೆಸರು, ಸರ್ವೆ ನಂಬರ್ ಮೂರೂ ಹೊಂದಿದರಷ್ಟೇ ‘ಇವರೇ ಅವರು’ ಎನ್ನಿ.

3. ಜಮೀನಿನ ಕಾಗದ ನೋಡಿ. ಪಹಣಿಯಿಂದ ಶುರುಮಾಡಿ ಹಿಂದಿನ ಮ್ಯುಟೇಷನ್‌ಗೆ ಹೋಗಿ. ಪೌತಿ ಖಾತೆ ಆಗಿದ್ದರೆ ಯಾರು ತೀರಿಕೊಂಡ ಮೇಲೆ ಯಾರ ಹೆಸರಿಗೆ ಬಂತು ಎಂಬುದು ಅಲ್ಲೇ ಇರುತ್ತದೆ. ಹಳೆಯ ಕೈಬರಹದ ದಾಖಲೆಗಳನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಹಾಕಿ ಪಡೆಯಬೇಕು. ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಬೇಕು. ಹಳೆಯ ಕಾಗದದಲ್ಲಿ ‘ಬಿನ್’ ಎಂದಿದ್ದರೆ ‘ಇಂಥವರ ಮಗ’, ‘ಕೋಂ’ ಎಂದಿದ್ದರೆ ‘ಇಂಥವರ ಹೆಂಡತಿ’ ಎಂದರ್ಥ. ‘ಬಿನ್ ಎಂದಿದೆ, ಹಾಗಾದರೆ ನಮ್ಮವರು ಮೊದಲು ಬೇರೆ ಧರ್ಮದವರೇ?’ ಎಂದು ಗಾಬರಿಯಾಗಬೇಡಿ. ಅದು ಅರಬ್ಬಿಯಿಂದ ಬಂದು ಕಂದಾಯ ಲೆಕ್ಕದಲ್ಲಿ ಎಲ್ಲ ಜಾತಿ ಧರ್ಮದವರಿಗೂ ಬಳಕೆಯಾದ ಪದ.

4. ಜಿಲ್ಲೆಯ ಹೆಸರು ನೋಡಿಕೊಳ್ಳಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಮೈಸೂರು ಜಿಲ್ಲೆ ಎಂದಿರುತ್ತದೆ.

5. ಮನೆದೇವರನ್ನು ಸುಳಿವಾಗಿ ಬಳಸಿ. ನೀವಿರುವುದು ಮದ್ದೂರಿನಲ್ಲಿ, ಮನೆದೇವರು ಮುಡುಕುತೊರೆಯಲ್ಲೋ ಬಿಳಿಗಿರಿರಂಗನ ಬೆಟ್ಟದಲ್ಲೋ ಇದ್ದರೆ ಹಿರಿಯರು ಆ ಕಡೆಯಿಂದ ಬಂದಿರಬಹುದು. ಮದುವೆಯ ಮೂಲಕ ಅಥವಾ ಹರಕೆಯ ಮೂಲಕ ದೇವರು ಮನೆಗೆ ಬಂದಿರಲೂಬಹುದು. ಇದು ಸುಳಿವು ಮಾತ್ರ. 1930ರ ದಶಕದಲ್ಲಿ ನಾಲೆ ನೀರು ಬಂದು, 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಮಂಡ್ಯಕ್ಕೆ ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಕುಟುಂಬಗಳೂ ಬಹಳ.

ಜನಗಣತಿಯಲ್ಲಿ ಹೆಸರು ಹುಡುಕಬಹುದಲ್ಲ ಎನ್ನಬಹುದು. ಅಮೆರಿಕದಲ್ಲಿ 72 ವರ್ಷವಾದ ಮೇಲೆ ಮನೆಮನೆಯ ಜನಗಣತಿ ಹಾಳೆಗಳನ್ನು ಸಾರ್ವಜನಿಕರಿಗೆ ಬಿಡುತ್ತಾರೆ. 1950ರ ಹಾಳೆಗಳು 2022ರಲ್ಲಿ ಬಂದವು. ನಮ್ಮ 1948ರ ಜನಗಣತಿ ಕಾಯ್ದೆಯ ಪ್ರಕಾರ ವೈಯಕ್ತಿಕ ವಿವರಗಳು ಗೋಪ್ಯ. ಹಾಗಾಗಿ ‘ಜನಗಣತಿಯಿಂದ ನಿಮ್ಮ ವಂಶ ತೆಗೆದುಕೊಡುತ್ತೇವೆ’ ಎನ್ನುವವರನ್ನು ನಂಬಬೇಡಿ.

ಮರದಲ್ಲಿ ಕಾಣದ ಹೆಣ್ಣುಮಕ್ಕಳು

ಚಿಕ್ಕಪ್ಪನ ಪಿಡಿಎಫ್ ಸುಳ್ಳೆಂದು ತಿಳಿದ ಮೇಲೆ ಮನೆಯ ಟ್ರಂಕಿನಲ್ಲಿದ್ದ ನಿಜವಾದ ಕಾಗದಗಳನ್ನು ತೆಗೆದೆವು. ಹಿಂದೆ ಯಾವಾಗಲೋ ಮಾಡಿಸಿದ್ದ ವಂಶವೃಕ್ಷದಲ್ಲಿ ತಾತನಿಗೆ ಮೂವರು ಗಂಡುಮಕ್ಕಳು ಎಂದಿತ್ತು. ನನ್ನ ಇಬ್ಬರು ಸೋದರತ್ತೆಯರ ಹೆಸರೇ ಇರಲಿಲ್ಲ. ಇದು ಬರೆದುಕೊಂಡವರ ತಪ್ಪಲ್ಲ, ಹೇಳಿಕೊಟ್ಟ ನಮ್ಮವರದ್ದೇ ತಪ್ಪು. ‘ಕೊಟ್ಟ ಹೆಣ್ಣುಮಕ್ಕಳು, ಅವರದ್ಯಾಕೆ’ ಎಂದು ಬಿಟ್ಟಿದ್ದರು.

ವಂಶವೃಕ್ಷ ಪ್ರಮಾಣಪತ್ರ ಅರ್ಜಿದಾರರು ಕೊಟ್ಟ ವಿವರ, ಅಫಿಡವಿಟ್ ಮತ್ತು ಊರಿನಲ್ಲಿ ಮಾಡಿದ ವಿಚಾರಣೆಯ ಮೇಲೆ ನಿಂತಿರುತ್ತದೆ. ಅದರಲ್ಲಿ ಹೆಸರು ಬಿಟ್ಟರೆ ಹಕ್ಕು ಹೋಗುವುದಿಲ್ಲ. ಆದರೆ ಹಕ್ಕು ಕೇಳಲು ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಮಗಳೂ ಮಗನಂತೆಯೇ ಹುಟ್ಟಿನಿಂದ ಪಿತ್ರಾರ್ಜಿತ ಆಸ್ತಿಯ ಪಾಲುದಾರಳು. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೂ ಮೊದಲೇ ಕ್ರಮಬದ್ಧವಾಗಿ ವಿಭಾಗವಾಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

ಸಾವಿರ ವರ್ಷದ ಹಿಂದಿನ ಅರಸ ಮೂಲಪುರುಷ ಹೌದೋ ಅಲ್ಲವೋ, ಅದರಿಂದ ಯಾರ ಬದುಕೂ ಬದಲಾಗುವುದಿಲ್ಲ. ಬದುಕಿರುವ ಅತ್ತೆಯ ಹೆಸರು ಮರದಲ್ಲಿ ಇದೆಯೋ ಇಲ್ಲವೋ, ಅದರಿಂದ ಬದಲಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

- ಶಾಸನದ ಹೆಸರು ಹೇಳಿದ್ದರೆ ಊರು, ತಾಲ್ಲೂಕು, ಸಂಖ್ಯೆ ಕೊಟ್ಟಿದ್ದಾರೆಯೇ ನೋಡಿ.
- ನಿಮ್ಮ ತಾತನಿಂದ ಆ ಮೂಲಪುರುಷನವರೆಗೆ ಪ್ರತಿ ತಲೆಮಾರಿನ ಹೆಸರಿದೆಯೇ ನೋಡಿ.
- ಬರೀ ಊರು, ಗೋತ್ರ, ಜಾತಿಯ ಹೆಸರಿನ ಆಧಾರದ ಮೇಲೆ ವಂಶ ಹೇಳಿದ್ದರೆ ಅದು ವಂಶಾವಳಿ ಅಲ್ಲ.
- ಆಧಾರ್, ಒಟಿಪಿ, ಪಹಣಿಯ ಪ್ರತಿ ಕೇಳಿದರೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಆಧಾರ್ ಬಯೊಮೆಟ್ರಿಕ್ ಲಾಕ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ಹುಡುಕಾಟ ಐದು ತಲೆಮಾರಿಗೆ ನಿಂತಿದೆ. ಅರಸರು ಯಾರೂ ಸಿಗಲಿಲ್ಲ. ಒಂದು ಹಳೆಯ ಕ್ರಯಪತ್ರದಲ್ಲಿ ‘ಕೋಂ’ ಎಂಬುದರ ಹಿಂದೆ ಒಂದು ಹೆಣ್ಣಿನ ಹೆಸರು ಸಿಕ್ಕಿತು. ಮನೆಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಅಜ್ಜಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮತ್ತೆಯ ಅತ್ತೆ ಕಣವ್ವ ಅದು. ಗಂಡ ಹೋದ್ಮೇಲೆ ಹೊಲ ಮಾರಿ ಮಕ್ಕಳ ಸಾಕುದ್ಲಂತೆ” ಎಂದರು. ಗ್ರೂಪಿನಲ್ಲಿ ಈಗ ಆ ಕ್ರಯಪತ್ರದ ಫೋಟೊ ಇದೆ. ಹೊಸ ವಂಶವೃಕ್ಷಕ್ಕೆ ಚಿಕ್ಕಪ್ಪನೇ ಅರ್ಜಿ ಬರೆದಿದ್ದಾರೆ. ಇಬ್ಬರು ಅತ್ತೆಯರ ಹೆಸರೂ ಅದರಲ್ಲಿದೆ.